ಹೊರಗೆ ಹೋಗಿ ಕೂಗುವವರು

ನಮ್ಮ ಮನೆಯ ಊಟದ ಮೇಜಿನ ಮೇಲ್ಗಡೆ ಗೋಡೆಗೆ ಒಂದು ಹಸಿರು ತಗಡಿನ ಬೋರ್ಡು ಇತ್ತು. 'ಇಲ್ಲಿ ಅಪಘಾತವಿಲ್ಲದೆ ಕಳೆದ ದಿನಗಳು' ಎಂದು ಬಿಳಿ ಅಕ್ಷರದಲ್ಲಿ ಬರೆದಿತ್ತು. ಕೆಳಗೆ ಮೂರು ಕೊಕ್ಕೆ, ಕೊಕ್ಕೆಗೆ ತೂಗುಹಾಕಲು ತಗಡಿನ ಅಂಕಿಗಳು. ಬೇರೆಯವರ ಮನೆಯಲ್ಲಿ ಆ ಜಾಗದಲ್ಲಿ ಗಡಿಯಾರವೋ ಮದುವೆಯ ಫೋಟೋವೋ ಇರುತ್ತದೆ. ನಮ್ಮ ಮದುವೆಯ ಫೋಟೋ ಬೀರುವಿನ ಹಿಂದೆ ಸೇರಿತ್ತು. ಅದರ ಗಾಜು ಒಡೆದರೆ ಯಾರದಾದರೂ ಕಾಲಿಗೆ ಚುಚ್ಚೀತು ಎಂದು ನನ್ನ ಗಂಡ ತೀರ್ಮಾನಿಸಿದ್ದರು.

ನನ್ನ ಗಂಡ ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಸುರಕ್ಷತಾ ಮೇಲ್ವಿಚಾರಕ. ಯಾರ ಬೆರಳೂ ಯಂತ್ರಕ್ಕೆ ಸಿಕ್ಕದಂತೆ ನೋಡಿಕೊಳ್ಳುವುದು ಅವರ ಕೆಲಸ. ಕಾರ್ಖಾನೆಗೆ ದೀಪದ ಅಂಕಿಗಳ ಹೊಸ ಬೋರ್ಡು ಬಂದಾಗ ಹಳೆಯದನ್ನು ಕೇಳಿ ಪಡೆದು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಅದಕ್ಕೆ ಕಾರಣವಿತ್ತು, ಹೇಳದಿದ್ದರೆ ಆ ಮನುಷ್ಯನಿಗೆ ಅನ್ಯಾಯ ಮಾಡಿದಂತೆ. ಅವರು ಅಲ್ಲಿ ಏಣಿ ಹತ್ತುವ ಸರಿಯಾದ ಕ್ರಮದ ಬಗ್ಗೆ ಭಾಷಣ ಮಾಡುತ್ತಿದ್ದ ಹೊತ್ತಿನಲ್ಲೇ ಇಲ್ಲಿ ನಮ್ಮ ಮಗಳು ಬಲ್ಬು ಬದಲಿಸಲು ಹೋಗಿ ಸ್ಟೂಲಿನಿಂದ ಬಿದ್ದು ಗದ್ದಕ್ಕೆ ಮೂರು ಹೊಲಿಗೆ ಹಾಕಿಸಿಕೊಂಡಿದ್ದಳು. ಆಸ್ಪತ್ರೆಗೆ ಓಡಿಬಂದವರು ಮಗಳ ಮುಖ ನೋಡಲಾರದೆ ಗೋಡೆಯ ಕಡೆ ತಿರುಗಿ ನಿಂತರು. "ಊರವರ ಬೆರಳೆಲ್ಲಾ ಕಾಯ್ತೀನಿ. ನನ್ನ ಮಗಳ ಗದ್ದ ಕಾಯೋಕಾಗ್ಲಿಲ್ಲ" ಎಂದರು. ಬೋರ್ಡು ಹಾಕುವ ದಿನ ಮೊಳೆ ಹಿಡಿದು ಕೊಟ್ಟವಳು ನಾನೇ.

ಒಂದೇ ವಾರದಲ್ಲಿ ಮನೆ ಕಾರ್ಖಾನೆಯಾಯಿತು. ಒಲೆಯ ಸುತ್ತ ನೆಲಕ್ಕೆ ಹಳದಿ ಪಟ್ಟಿ ಬಂತು, ಅದರೊಳಗೆ ಒಮ್ಮೆಗೆ ಒಬ್ಬರೇ. ಚಾಕು ಬೇಕಿದ್ದರೆ ಚೀಟಿ ಬರೆದು ಕೊಡಬೇಕು: ಯಾರು, ಯಾವ ತರಕಾರಿ, ಎಷ್ಟು ಹೊತ್ತು. ಸ್ಟೂಲು ಹತ್ತುವಾಗ ಕೆಳಗೆ ಇನ್ನೊಬ್ಬರು ಅದರ ಕಾಲು ಹಿಡಿದಿರಲೇಬೇಕು. ಎಪ್ಪತ್ತನಾಲ್ಕು ವರ್ಷದ ನನ್ನ ಅತ್ತೆ ಹಾಸಿಗೆಯಿಂದೆದ್ದು ಬಚ್ಚಲಿಗೆ ಹೋಗುವಾಗ ಯಾರೂ ಡಿಕ್ಕಿ ಹೊಡೆಯದಿರಲೆಂದು ಮಿನುಗುವ ಪಟ್ಟಿಯ ಜಾಕೆಟ್ಟು ತೊಡಬೇಕು.

"ನಾನೇನು ಲಾರಿನೇನೋ?" ಎಂದು ಅತ್ತೆ ಕೇಳಿದರು. ಆದರೂ ತೊಟ್ಟರು. ಮಗ ತಂದುಕೊಟ್ಟದ್ದಲ್ಲವೇ.

ಭಾನುವಾರ ಬೆಳಿಗ್ಗೆ ಸಭೆ. ಹಿಂದಿನ ವಾರ ಬೀಳುವುದರಲ್ಲಿದ್ದು ಬೀಳದೆ ಉಳಿದವರು ಎದ್ದು ನಿಂತು ವರದಿ ಕೊಡಬೇಕು. ಅತ್ತೆಯದು ಪ್ರತಿ ವಾರವೂ ಒಂದೇ ವರದಿ: "ಜಾರೋದ್ರಲ್ಲಿದ್ದೆ, ಜಾರ್ಲಿಲ್ಲ, ಕಾಫಿ ಆರ್ತಾ ಇದೆ." ನನ್ನ ಗಂಡ ಅಷ್ಟನ್ನೂ ಅಕ್ಷರ ಬಿಡದೆ ಬರೆದುಕೊಳ್ಳುತ್ತಿದ್ದರು.

ಇಷ್ಟೆಲ್ಲದರ ಮಧ್ಯೆ ಮುಖ್ಯವಾದ ನಿಯಮ ಇನ್ನೊಂದಿತ್ತು. ಹೊಸ್ತಿಲಿನಿಂದ ಒಳಗೆ ಆದದ್ದು ಮಾತ್ರ ಮನೆಯ ಅಪಘಾತ. ನಾನು ಬಟ್ಟೆ ಅಂಗಡಿಯೊಂದರಲ್ಲಿ ಗಿರಾಕಿಗಳ ಪ್ಯಾಂಟಿನ ಉದ್ದ ಕಡಿಮೆ ಮಾಡುವವಳು. ಅಲ್ಲಿ ನನ್ನ ಬೆರಳಿಗೆ ಸೂಜಿ ಹೊಕ್ಕರೆ ಅದು ಅಂಗಡಿಯವರ ತಲೆನೋವು, ನಮ್ಮ ಬೋರ್ಡಿಗೆ ಸಂಬಂಧವಿಲ್ಲ. ಈ ನಿಯಮವೇ ನಮ್ಮನ್ನು ಕೆಡಿಸಿತು.

ಹತ್ತೊಂಬತ್ತನೆಯ ದಿನ ಸಂಜೆ ಇಸ್ತ್ರಿ ಪೆಟ್ಟಿಗೆ ನನ್ನ ಮಣಿಕಟ್ಟಿಗೆ ತಾಗಿತು. ಬಾಯಿ ತೆರೆದವಳು ಬೋರ್ಡು ನೋಡಿದೆ. ಅದರ ಕೆಳಗೆ ನನ್ನ ಗಂಡ ಕುಳಿತು ಹತ್ತೊಂಬತ್ತನ್ನು ನೋಡಿ ತಾವೇ ಹಡೆದ ಹಾಗೆ ನಗುತ್ತಿದ್ದರು. ನಾನು ತುಟಿ ಬಿಗಿದುಕೊಂಡು ನಡುಮನೆ ದಾಟಿ, ಬಾಗಿಲು ತೆರೆದು, ಕಾರಿಡಾರಿಗೆ ಹೋಗಿ ನಿಂತು "ಅಯ್ಯಯ್ಯೋ!" ಎಂದು ಕಿರುಚಿದೆ.

ಅವರು ಓಡಿಬಂದರು. "ಏನಾಯ್ತು?"

"ಸುಟ್ಕೊಂಡೆ."

"ಕಾರಿಡಾರಲ್ಲಿ ಸುಡೋದು ಏನಿದೆ?"

"ಈ ಕಂಬಿ. ಕಾದಿತ್ತು."

ಸಂಜೆ ಏಳು ಗಂಟೆಗೆ ಮೆಟ್ಟಿಲಿನ ಕಂಬಿ ತಣ್ಣಗಿತ್ತು. ಅವರು ಮುಟ್ಟಿಯೂ ನೋಡಿದರು. ಆದರೂ ಮರುದಿನ ಅದಕ್ಕೆ ದಪ್ಪ ಬಟ್ಟೆ ಸುತ್ತಿಸಿದರು.

ಅಲ್ಲಿಂದ ಇದು ಮನೆಯ ರೂಢಿಯಾಯಿತು. ಯಾರೂ ಯಾರಿಗೂ ಹೇಳಿಕೊಡಲಿಲ್ಲ. ಮಗಳು ಮಂಚಕ್ಕೆ ಕಾಲ್ಬೆರಳು ಜಜ್ಜಿಕೊಂಡರೆ ಉಸಿರು ಬಿಗಿಹಿಡಿದು, ಒಂಟಿ ಕಾಲಲ್ಲಿ ಕುಪ್ಪಳಿಸುತ್ತಾ ಬಾಗಿಲವರೆಗೆ ಹೋಗಿ, ಹೊಸ್ತಿಲು ದಾಟಿದ ಮೇಲೆ "ಅಮ್ಮಾ!" ಎನ್ನುತ್ತಿದ್ದಳು. ಅತ್ತೆ ಬೆರಳು ಕೊಯ್ದುಕೊಂಡರೆ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು, ಪೇಟೆಗೆ ಹೊರಟವರಷ್ಟು ನಿಧಾನವಾಗಿ ಹೊರಗೆ ಹೋಗಿ ನರಳಿ ಬರುತ್ತಿದ್ದರು. ಚಪ್ಪಲಿ ಸ್ಟ್ಯಾಂಡಿನ ಕೆಳಗಿನ ಅರೆಯಲ್ಲಿ ಹತ್ತಿ, ಬ್ಯಾಂಡೇಜು, ಒಂದು ಮುಲಾಮಿನ ಟ್ಯೂಬು ಇಟ್ಟುಕೊಂಡೆವು. ಎದುರುಮನೆಯ ಸಂಗೀತದ ಮೇಡಂ ನಮ್ಮ ಕೂಗು ಕೇಳಿದ ಕೂಡಲೇ ಪಾಠ ನಿಲ್ಲಿಸಿ ಹತ್ತಿ ಹಿಡಿದು ಬರುವಷ್ಟು ಪಳಗಿಬಿಟ್ಟರು.

"ಪಾಪ, ಒಳಗಿರೋವಷ್ಟು ಹೊತ್ತು ಚೆನ್ನಾಗೇ ಇರ್ತೀರ. ಬಾಗಿಲು ದಾಟಿದ್ರೆ ಮುಗೀತು ನಿಮ್ಮ ಕಥೆ" ಎಂದು ಅವರು ಮರುಗುತ್ತಿದ್ದರು.

ನನ್ನ ಗಂಡನಿಗೂ ಅದೇ ಚಿಂತೆ. ಕಾರಿಡಾರಿಗೆ ರಬ್ಬರಿನ ಹಾಸು ಹಾಕಿಸಿದರು, ಎರಡು ದೀಪ ಹಾಕಿಸಿದರು, ಭಾನುವಾರ ಟೇಪು ಹಿಡಿದು ಮೆಟ್ಟಿಲ ಎತ್ತರ ಅಳೆದರು. ಕೊನೆಗೆ ಸಭೆಯಲ್ಲಿ, "ಒಳಗೆ ಮುನ್ನೂರು ದಿನ ಒಂದು ಗೀರೂ ಇಲ್ಲ. ಹೊರಗೆ ನಲವತ್ತೊಂದು ಸಲ ಪೆಟ್ಟು. ಇನ್ಮೇಲೆ ಸುಮ್ಮಸುಮ್ಮನೆ ಯಾರೂ ಹೊರಗೆ ಹೋಗ್ಬೇಡಿ" ಎಂದರು. ನಾನು ನಾಲಿಗೆ ಕಚ್ಚಿಕೊಂಡೆ. ಒಳಗೇ ಕಚ್ಚಿಕೊಂಡದ್ದರಿಂದ ಅದನ್ನೂ ವರದಿ ಮಾಡಲಿಲ್ಲ.

ಮುನ್ನೂರ ನಲವತ್ತನೆಯ ದಿನ ನನ್ನ ಗಂಡ ಮನೆಯ ಬೋರ್ಡಿನ ವಿಷಯವನ್ನು ತಮ್ಮ ಮ್ಯಾನೇಜರಿಗೆ ಹೇಳಿದರಂತೆ. ಅವರು ಬೆರಗಾಗಿ, ವರ್ಷ ತುಂಬಿದ ದಿನ ಮನೆಗೇ ಊಟಕ್ಕೆ ಬರುತ್ತೇನೆ, ಬೋರ್ಡಿನ ಕೆಳಗೆ ನಿಮ್ಮೆಲ್ಲರ ಫೋಟೋ ತೆಗೆಸಿ ಕಾರ್ಖಾನೆಯ ಪತ್ರಿಕೆಯಲ್ಲಿ ಹಾಕಿಸುತ್ತೇನೆ ಎಂದರಂತೆ. ಅಂದಿನಿಂದ ನಾವು ಕೆಮ್ಮುವುದಕ್ಕೂ ಕಾರಿಡಾರಿಗೆ ಹೋಗತೊಡಗಿದೆವು.

ಕೊನೆಯ ಹತ್ತು ದಿನಗಳಲ್ಲಿ ಎರಡು ವಿಚಿತ್ರ ನಡೆದವು. ಹಿಂಡಿ ಹಿಂಡಿ ಚಪ್ಪಟೆಯಾಗಿದ್ದ ಮುಲಾಮಿನ ಟ್ಯೂಬು ಒಂದು ದಿನ ಇದ್ದಕ್ಕಿದ್ದಂತೆ ದಪ್ಪಗಾಯಿತು. ಮಗಳು ಹೊಸದು ತಂದಿರಬೇಕು ಎಂದುಕೊಂಡೆ. ನನ್ನ ಗಂಡ ಕುರ್ಚಿಯಲ್ಲಿ ಕುಳಿತೇ ನಿದ್ದೆ ಮಾಡತೊಡಗಿದರು. "ಬೆನ್ನಿಗೆ ಒಳ್ಳೇದು" ಎಂದರು. ಇದೂ ಒಂದು ಹೊಸ ನಿಯಮ ಇರಬೇಕೆಂದು, ಸದ್ಯ ನಮಗೆ ಹೇರಲಿಲ್ಲವಲ್ಲ ಎಂದು, ನಾನು ತೆಪ್ಪಗಿದ್ದೆ.

ಮುನ್ನೂರ ಅರವತ್ತನಾಲ್ಕನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಅವರು ಮರುದಿನದ ಊಟಕ್ಕೆ ತರಕಾರಿ ತರಲು ಹೋಗಿದ್ದರು. ಬಚ್ಚಲಿನಲ್ಲಿ ಧೊಪ್ಪೆಂದು ಸದ್ದಾಯಿತು. ಆಮೇಲೆ ಸದ್ದೇ ಇಲ್ಲ. ನಾನು ಓಡಿದೆ.

ಅತ್ತೆ ನೆಲದ ಮೇಲೆ ಬಿದ್ದಿದ್ದರು. ಮೈಮೇಲೆ ಮಿನುಗುವ ಜಾಕೆಟ್ಟು, ಸೀರೆಯೆಲ್ಲ ಒದ್ದೆ, ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈ ಬಾಯಿಯ ಮೇಲೆ.

"ಅಲ್ಲಾಡ್ಬೇಡಿ ಅತ್ತೆ, ಆಂಬುಲೆನ್ಸ್ ಕರೀತೀನಿ."

"ಕರಿ" ಎಂದರು ಬೆರಳ ಸಂದಿಯಿಂದ. "ಮೊದ್ಲು ನನ್ನ ಹೊರಗೆ ಹಾಕು."

"ಹುಚ್ಚಾ ನಿಮಗೆ? ಮೂಳೆ ಮುರಿದಿದ್ರೆ?"

"ಮುರಿದ್ರೆ ಹೊರಗೇ ಮುರಿದಿದ್ದು ಅನ್ನು. ನಾಳೆ ಅವನ ಸಾಹೇಬ್ರು ಬರ್ತಾರೆ ಕಣೇ. ವರ್ಷವೆಲ್ಲಾ ಆ ಬೋರ್ಡ್ ನೋಡ್ಕೊಂಡು ಮಗು ಥರ ನಗ್ತಾನೆ. ಒಂದು ದಿನಕ್ಕೋಸ್ಕರ ನಾನು ಕೆಡಿಸ್ಲಾ?"

ಬಿದ್ದವರನ್ನು ಎಳೆಯಬಾರದು ಎಂಬುದು ನಮಗೆ ಗೊತ್ತಿರಲಿಲ್ಲವೇ? ಹದಿನಾರು ಭಾನುವಾರ ಅದನ್ನೇ ಕೇಳಿದ್ದೆವು. ಆದರೂ ನಾನು, ಬುದ್ಧಿ ನೆಟ್ಟಗಿರುವ ಹೆಂಗಸು, ಮಗಳನ್ನು ಕರೆದು ಆಂಬುಲೆನ್ಸಿಗೆ ಫೋನ್ ಮಾಡಿಸಿ, ಮಂಚದ ದುಪ್ಪಟಿ ತಂದು ಅತ್ತೆಯನ್ನು ಅದರ ಮೇಲೆ ಉರುಳಿಸಿಕೊಂಡೆ. ತಲೆಯ ಕಡೆ ನಾನು, ಕಾಲಿನ ಕಡೆ ಮಗಳು. ಹಳದಿ ಪಟ್ಟಿಯ ಪಕ್ಕದಿಂದ, ಬೋರ್ಡಿನ ಕೆಳಗಿನಿಂದ ನಡುಮನೆಯುದ್ದಕ್ಕೂ ಎಳೆದೆವು. ಈಗ ನೆನೆದರೆ ನಾಚಿಕೆಯಿಂದ ಮುಖ ಸುಡುತ್ತದೆ.

ಹೊಸ್ತಿಲಿನ ಮೇಲೆ ದುಪ್ಪಟಿ ಎಗರಿತು. ಅತ್ತೆಯ ಗಂಟಲಿನಲ್ಲಿ ಎದ್ದ ಕೂಗು ಹಲ್ಲಿನ ಹತ್ತಿರ ಬಂದು ನಿಂತಿತು. ಅವರ ಕೆಳತುಟಿಯಿಂದ ರಕ್ತ ಬಂತು. ಇನ್ನೂ ಅರ್ಧ ಒಳಗಿದ್ದೇನೆಂದು ಅವರು ಕೂಗಿರಲಿಲ್ಲ. ಈ ಮುದುಕಿ ನನ್ನ ಕೈಯಲ್ಲೇ ಸತ್ತರೂ ಸದ್ದು ಮಾಡದೆ ಸಾಯುತ್ತಾರೆ ಎಂದು ಭಯವಾಯಿತು.

"ಬಿಡು" ಎಂದೆ ಮಗಳಿಗೆ. "ಇನ್ನು ಒಂದಂಗುಲವೂ ಬೇಡ."

ಅತ್ತೆಯ ತಲೆ ಕಾರಿಡಾರಿನಲ್ಲಿ, ಕಾಲು ಮನೆಯಲ್ಲಿ. ಆಗಲೇ ನನ್ನ ಗಂಡ ಎರಡೂ ಕೈಯಲ್ಲಿ ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದರು.

"ಅಪ್ಪ, ಅಜ್ಜಿ ಹೊರಗೇ ಬಿದ್ದಿದ್ದು" ಎಂದು ಮಗಳು ಅವಸರದಲ್ಲಿ ಹೇಳಿದಳು. "ಕಾಲು ಮಾತ್ರ ಒಳಗೆ ಬಂತು."

ಅವರ ಕಣ್ಣು ಅತ್ತೆಯ ಕಾಲಿನಿಂದ ಹಿಡಿದು ಬಚ್ಚಲಿನ ಬಾಗಿಲವರೆಗೂ ಹರಿದಿದ್ದ ನೀರಿನ ಗೆರೆಯ ಮೇಲೆ ಹೋಯಿತು. ಚೀಲ ಕೆಳಗಿಟ್ಟರು. ಅಮ್ಮನ ತಲೆಗೆ ಕೈಕೊಡಲು ಬಗ್ಗಿದವರು "ಹ್ಹಾ" ಎಂದು ಪಕ್ಕೆ ಹಿಡಿದುಕೊಂಡು ತಾವೇ ಹಾಕಿಸಿದ ರಬ್ಬರಿನ ಹಾಸಿನ ಮೇಲೆ ಕುಸಿದು ಕುಳಿತರು.

"ನಿಮಗೇನಾಯ್ತು ರೀ?" ಎಂದು ನಾನು ಕಿರುಚಿದೆ.

ಮಲಗಿದ್ದಲ್ಲಿಂದಲೇ ಅತ್ತೆ ಹೇಳಿದರು: "ಪಕ್ಕೆಲುಬು ಕಣೇ ಅವನಿಗೆ. ಹತ್ತು ದಿನ ಆಯ್ತು. ಬೆಳಗಾಗೆದ್ದು ಒಬ್ನೇ ಸ್ಟೂಲ್ ಹತ್ತಿ ಆ ಬೋರ್ಡಿಗೆ ಅಂಕಿ ಹಾಕೋಕೆ ಹೋಗಿ ಬಿದ್ದ. ನಾನು ಹಾಸಿಗೆಯಿಂದ ನೋಡ್ತಾ ಇದ್ದೆ. ಎದ್ದು, ಅಂಕಿ ಹಾಕಿ, ಹೊರಗೆ ಹೋಗಿ ಬಾಗಿಲು ಮುಚ್ಚಿಕೊಂಡು ಅತ್ತ."

ನಾನು ಅವರ ಮುಖ ನೋಡಿದೆ. ಅವರು ಚಪ್ಪಲಿ ಸ್ಟ್ಯಾಂಡಿನ ಕೆಳಗಿನ ಅರೆ ನೋಡುತ್ತಿದ್ದರು.

"ಅವತ್ತೇ ನೋಡ್ದೆ, ಹತ್ತಿ, ಬ್ಯಾಂಡೇಜು ಎಲ್ಲಾ" ಎಂದರು. "ಟ್ಯೂಬ್ ಖಾಲಿಯಾಗಿತ್ತು. ಹೊಸದು ತಂದಿಟ್ಟೆ."

ನನಗೆ ಸಿಟ್ಟು ನೆತ್ತಿಗೇರಿತು, ಅದರ ಹಿಂದೆಯೇ ಅಳು ಬಂತು. ಬೈಯುವುದಕ್ಕೆ ಬಾಯಿ ತೆರೆದರೆ ಯಾರಿಂದ ಶುರುಮಾಡುವುದೆಂದು ತಿಳಿಯಲಿಲ್ಲ. ಎದುರುಮನೆಯ ಮೇಡಂ ಅಷ್ಟರಲ್ಲಿ ಹತ್ತಿ ಹಿಡಿದು ಬಂದು ನಿಂತಿದ್ದರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅತ್ತೆಯನ್ನು ಕೇಳಿದರು, "ಎಲ್ಲಿ ಬಿದ್ರಿ ಅಜ್ಜಿ?"

"ಹೊರಗಮ್ಮ, ಮೆಟ್ಟಿಲ ಹತ್ರ" ಎಂದರು ಅತ್ತೆ, ಕಣ್ಣೂ ಮಿಟುಕಿಸದೆ.

"ಅಲ್ಲ" ಎಂದರು ನನ್ನ ಗಂಡ. ಪಕ್ಕದ ಮಂಚದಲ್ಲಿ ಅಂಗಿ ಬಿಚ್ಚಿ ಕುಳಿತಿದ್ದರು, ನರ್ಸು ಅವರ ಎದೆಗೆ ಪಟ್ಟಿ ಸುತ್ತುತ್ತಿದ್ದಳು. "ಮನೆ ಒಳಗೆ. ಬಚ್ಚಲಲ್ಲಿ. ನಾನೂ ಒಳಗೇ ಬಿದ್ದಿದ್ದು. ಇವಳು ಸುಟ್ಕೊಂಡಿದ್ದೂ ಒಳಗೇ."

ಮಂಚದ ಮೇಲಿನಿಂದಲೇ ಮ್ಯಾನೇಜರಿಗೆ ಫೋನ್ ಮಾಡಿದರು. "ನಾಳೆ ಬರ್ಬೇಡಿ ಸಾರ್. ಸೊನ್ನೆ ಆಗಿದೆ... ಇಲ್ಲ ಸಾರ್, ಇವತ್ತಲ್ಲ. ಹತ್ತೊಂಬತ್ತನೇ ದಿನದಿಂದ್ಲೇ ಸೊನ್ನೆ." ಫೋನ್ ಇಟ್ಟು ಕೈಯಿಂದ ಕಣ್ಣು ಮುಚ್ಚಿಕೊಂಡರು. ಅವರ ಸಭೆಗಳನ್ನು ಒಂದು ವರ್ಷ ಶಪಿಸಿದ್ದ ನಾನು ಆಗ ಹೋಗಿ ಅವರ ಭುಜ ಹಿಡಿದುಕೊಂಡೆ.

ಅತ್ತೆಯ ಸೊಂಟದ ಮೂಳೆಯಲ್ಲಿ ಬಿರುಕು, ಆರು ವಾರ ಮಲಗಿರಬೇಕು. ನನ್ನ ಗಂಡನಿಗೆ ಎರಡು ಪಕ್ಕೆಲುಬು. ದುಪ್ಪಟಿಯಲ್ಲಿ ಎಳೆದ ಕಥೆ ಕೇಳಿ ಡಾಕ್ಟರಮ್ಮ ನನ್ನನ್ನು ಬೈದ ಬೈಗುಳವನ್ನು ನಾನು ಇಲ್ಲಿ ಬರೆಯುವುದಿಲ್ಲ. ಪೂರ್ತಿ ಹೊರಗೆ ಎಳೆದಿದ್ದರೆ ಅತ್ತೆ ಮತ್ತೆ ನಡೆಯುತ್ತಿದ್ದುದು ಅನುಮಾನ ಎಂದರು.

ಅತ್ತೆಯನ್ನು ಮನೆಗೆ ಕರೆತಂದ ದಿನ ಸಂಜೆ ಬೋರ್ಡನ್ನು ಕೆಳಗಿಳಿಸಿದೆವು. ಸ್ಟೂಲಿನ ಮೇಲೆ ನಾನು, ಕೆಳಗೆ ಸ್ಟೂಲಿನ ಒಂದೊಂದು ಕಾಲು ಹಿಡಿದು ಅಪ್ಪ, ಮಗಳು. ಬೀರುವಿನ ಹಿಂದಿನ ಫೋಟೋ ತರಲು ಮಗಳು ಒಳಗೆ ಹೋದಳು. ಮಂಚದ ಕಾಲಿಗೆ ಬೆರಳು ಜಜ್ಜಿದ ಸದ್ದು ನಮಗೆಲ್ಲ ಕೇಳಿತು. ಅವಳು ಉಸಿರು ಬಿಗಿಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, ಒಂಟಿ ಕಾಲಲ್ಲಿ ಕುಪ್ಪಳಿಸುತ್ತಾ ನಡುಮನೆ ದಾಟಿದಳು.

ನನ್ನ ಗಂಡ ಪಕ್ಕೆ ಹಿಡಿದುಕೊಂಡೇ ಹೋಗಿ ಬಾಗಿಲಿಗೆ ಅಡ್ಡ ನಿಂತರು.

"ಇಲ್ಲೇ ಕೂಗು" ಎಂದರು.

ಅವಳು ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಬಾಯಿ ಅಗಲಿಸಿ ಕೂಗಿದಳು. ಒಂದು ವರ್ಷ ನುಂಗಿದ್ದೆಲ್ಲ ಅದರಲ್ಲಿತ್ತು. ಒಳಗಿನ ಕೋಣೆಯಿಂದ ಅತ್ತೆ "ಜೋರಾಗಿ ಕೂಗೇ, ನನಗೂ ನೋಯ್ತಾ ಇದೆ!" ಎಂದು ತಾವೂ ಶುರುಮಾಡಿದರು. ನನ್ನ ಗಂಡನಿಗೆ ನಗುವೂ ನೋವೂ ಒಟ್ಟಿಗೆ ಬಂದು ಅವರೂ ಕೂಗಿದರು.

ಹೊರಗೆ ಕಾರಿಡಾರಿನಲ್ಲಿ ಎದುರುಮನೆಯ ಬಾಗಿಲು ತೆರೆದ ಸದ್ದಾಯಿತು. ಮೇಡಂ ಹತ್ತಿ ಹಿಡಿದುಕೊಂಡು ಮೇಲಿನ ಮೆಟ್ಟಿಲು, ಕೆಳಗಿನ ಮೆಟ್ಟಿಲು ಎಲ್ಲ ಕಡೆ ಹುಡುಕುತ್ತಾ "ಎಲ್ಲಿದ್ದೀರ್ರೀ? ಎಲ್ಲಿ ಬಿದ್ರಿ?" ಎಂದು ಕೇಳುತ್ತಿದ್ದರು.