ಓಬಿಯ ಸಾಲು

ಐದನೇ ತರಗತಿಯ ಚರಿತ್ರೆ ಪುಸ್ತಕದಲ್ಲಿ ಅಧ್ಯಕ್ಷರಿದ್ದರು, ಯುದ್ಧಗಳಿದ್ದವು, ಸೇನಾಪತಿಗಳ ಕುದುರೆಗಳ ಹೆಸರು ಸಹ ಇತ್ತು. ಅಮೆರಿಕದ ಕೆರೊಲಿನಾದ ಈ ಕರಾವಳಿಯಲ್ಲಿ ಬಲೆ ಎಳೆದೆಳೆದು ಬೆನ್ನು ಮುರಿದುಕೊಂಡ ಕರಿಯರ ಸುದ್ದಿ ಮಾತ್ರ ದುರ್ಬೀನು ಹಾಕಿದರೂ ಕಾಣುತ್ತಿರಲಿಲ್ಲ. ವೆರ್ಲೀನ್ ಟೀಚರಿಗೆ ಆ ಪುಸ್ತಕ ಕಂಡರೆ ಮೈ ಉರಿಯುತ್ತಿತ್ತು. ಅದಕ್ಕೇ ಹಾಡುಗಳಿಂದ ಚರಿತ್ರೆ ಕಲಿಸಲು ಹೊರಟಿದ್ದಳು. ಹತ್ತಿ ಬಿಡಿಸುವ ಹಾಡಾಯಿತು, ರೈಲು ಹಳಿ ಸರಿಸುವ ಹಾಡಾಯಿತು. ಈ ಶುಕ್ರವಾರ ಮೀನುಗಾರರ ಸರದಿ.

ಅವಳಿಗೆ ಈ ಸರದಿಯಲ್ಲಿ ಸ್ವಂತದ್ದೂ ಒಂದಿತ್ತು. ಅವಳು ತಪ್ಪುಹೆಜ್ಜೆ ಇಡುವ ಕೂಸಾಗಿದ್ದಾಗ ಮೀನಿನ ಹಡಗು ಹತ್ತಿದ ಅಪ್ಪ ಓಬಿ ಮರಳಿ ಬರಲಿಲ್ಲ. ಕಡಲಿಗೆ ಬಿದ್ದ ಎಂದರು ಹಡಗಿನವರು. ಹೆಣ ಸಿಗಲಿಲ್ಲ. ನಾರ್ಫೋಕ್ ಬಂದರಿನಲ್ಲಿ ಇಳಿದು ಬೇರೆ ಸಂಸಾರ ಹೂಡಿದ್ದಾನೆ, ಜೊತೆಗಾರರು ಮುಚ್ಚಿಡುತ್ತಿದ್ದಾರೆ ಎಂದಿತು ಊರು. ಊರ ಬಾಯಿ ಮುಚ್ಚಿಸಿದವರುಂಟೇ? ಅಮ್ಮ ಆಲ್ಮಾ ತಲೆ ತಗ್ಗಿಸದೆ ಬಾಳಿದಳು. ವೆರ್ಲೀನಿಗೆ ಮಾತ್ರ ಕೂದಲು ನರೆತರೂ ಅದೊಂದು ಕೊರೆತ ಹೋಗಲಿಲ್ಲ: ಅಪ್ಪ ನಮ್ಮನ್ನು ಬಿಟ್ಟು ಹೋದನೆ?

ಶಾಲೆಯ ಸಭಾಂಗಣದಲ್ಲಿ, ಓಬಿಯ ಜೊತೆ ಬಲೆ ಎಳೆದಿದ್ದ ಆರು ಮಂದಿ ಮುದುಕರು ಕುರ್ಚಿಯಲ್ಲಿ ಕೂತು ಹಾಡಿದರು. ಉಪ್ಪಿಲ್ಲದ ಸಾರಿನ ಹಾಗಿತ್ತು. ಬಲೆಗೆ ಯಂತ್ರ ಬಂದ ದಿನದಿಂದ ಆ ಹಾಡುಗಳಿಗೆ ಕೆಲಸವೇ ಇರಲಿಲ್ಲ.

"ಥೂ, ಹೆಣ ಕಾಯೋಕೆ ಬಂದಿದೀವೇನ್ರೋ?" ಎಂದ ಹಾಡು ಎತ್ತಿಕೊಡುವ ಲೋಂಜೊ. "ಕೈಗೆ ಭಾರ ಬೇಕು. ಏಳ್ರೋ!"

ವಾಲಿಬಾಲ್ ಬಲೆ ಬಂತು. ಒಂದು ತುದಿಗೆ ಮಕ್ಕಳು ಜೋತುಬಿದ್ದರು, ಇನ್ನೊಂದನ್ನು ಮುದುಕರು ಹಿಡಿದರು.

"ತಾತ, ಈ ಹಾಡು ಬರೆದೋರು ಯಾರು?" ಒಬ್ಬಳು ಹುಡುಗಿ ಕೇಳಿದಳು.

"ಬರೆಯೋದೇನು ಬಂತು ಪುಟ್ಟಿ? ಹಡಗು ಹತ್ತಿದೋನು ಮನೆ ನೆನೆಸ್ಕೊಂಡು ಒಂದು ಸಾಲು ಕೊಡ್ತಿದ್ದ. ಕೆಲಸ ಬಿಟ್ಟು ಇಳಿದ್ರೆ ಅವನ ಸಾಲೂ ಇಳೀತು. ನೀರು ಪಾಲಾದ್ರೆ ಮಾತ್ರ ನಾವು ಬಿಡಲ್ಲ, ಪ್ರತಿ ಸಲ ಹಾಡ್ತೀವಿ. ಆದ್ರೆ ದಡದ ಮೇಲೆ ಆ ಸಾಲು ಎತ್ತಬಾರದು. ಕಡಲು ಇನ್ನೊಬ್ಬನ್ನ ಬೇಡುತ್ತೆ."

ಹಾಡು ಎದ್ದಿತು. ಮುದುಕರ ಬೆನ್ನು ಒಟ್ಟಿಗೇ ಬಾಗಿತು, ಮಕ್ಕಳು ಕಿರುಚುತ್ತಾ ಜಾರಿ ಬಂದರು. ಒಂದೆಡೆ ಲೋಂಜೊ ಬೇಕೆಂದೇ ಒಂದು ಸಾಲು ಹಾರಿಸಿ ಮುಂದಿನದಕ್ಕೆ ಹೋದ. ಆದರೆ ಅಷ್ಟು ವರ್ಷ ಎಳೆದ ಕೈಗಳು ಕೇಳಬೇಕಲ್ಲ! ಉಳಿದ ಐವರ ಗಂಟಲು ಹಳೆಯ ಜಾಗಕ್ಕೇ ಹೋಯಿತು:

"ಆಲ್ಮಾಗೆ ಹಿಟ್ಟು, ಶನಿವಾರ ಬರ್ತೀನಿ,
ಪುಟ್ಟ ವೆರ್ಲೀನ್‌ಗೆ ಕೆಂಪು ಜೋಡು ತರ್ತೀನಿ!"

ಬಲೆ ಸಡಿಲವಾಯಿತು. ಲೋಂಜೊ ಟೋಪಿ ತೆಗೆದ. "ತಪ್ಪಾಯ್ತು ಮಗಳೇ. ನಿನ್ನೆದುರು ಬೇಡ ಅಂತಿದ್ದೆ."

ಇಳಿದು ಹೋದವನ ಸಾಲು ಉಳಿಯುವುದಿಲ್ಲ. ಆತನೇ ಈಗ ತಾನೆ ಹೇಳಿದ್ದ. ವೆರ್ಲೀನ್ ಗೋಡೆಗೆ ಒರಗಿದಳು.

"ಎಲ್ಲಿವರೆಗೆ ಹಾಡಿದ್ರಿ ಮಾವ?"

"ಯಂತ್ರ ಬರೋವರೆಗೂ. ನಿಮ್ಮಪ್ಪನ್ನ ಒಂದಿನಾನೂ ಬಿಟ್ಟು ಎಳೆದಿಲ್ಲ."

ತನ್ನ ಹೆಸರು ಕೂಗಿಕೊಂಡು ಇವರು ಎಷ್ಟು ಮೀನು ಎಳೆದರೋ! ತಾನೋ, ಗುಟ್ಟು ಮುಚ್ಚಿಡುವವರೆಂದು ಸಂತೆಯಲ್ಲಿ ಕಂಡರೂ ಇವರನ್ನು ಮಾತನಾಡಿಸದೆ ಮುಖ ತಿರುಗಿಸುತ್ತಿದ್ದಳು. ಅವಳು ಹೋಗಿ ಆ ಆರೂ ಜನರ ಒರಟು ಕೈಗಳನ್ನು ಒಂದೊಂದಾಗಿ ಕಣ್ಣಿಗೊತ್ತಿಕೊಂಡಳು.

ಅಷ್ಟರಲ್ಲಿ ಮುಂದಿನ ಸಾಲಿನ ಕುರ್ಚಿಯಿಂದ ಒಂದು ದನಿ ಎದ್ದಿತು. ಭಾನುವಾರದ ಟೋಪಿ ಹಾಕಿಕೊಂಡು ಬಂದಿದ್ದ ಆಲ್ಮಾ ಅಳುತ್ತಲೇ ಗದರಿದಳು:

"ಕೆಂಪಂತೆ ಕೆಂಪು! ಕಪ್ಪು ಬೂಟು ತಗೊಂಬಾ, ಕೊಳೆ ಕಾಣಲ್ಲ ಅಂತ ಬಾಗಿಲಲ್ಲಿ ನಿಂತು ಹೇಳಿ ಕಳಿಸಿದ್ದೆ. ಯಾವತ್ತು ನನ್ನ ಮಾತು ಕೇಳಿದಾನೆ ಆ ಮನುಷ್ಯ!"

ಮುದುಕರು ಗೊಳ್ಳೆಂದು ನಕ್ಕು ಕಣ್ಣೊರೆಸಿಕೊಂಡರು. ವೆರ್ಲೀನ್ ಅವರ ನಡುವೆ ನುಗ್ಗಿ ಬಲೆ ಹಿಡಿದಳು.

"ಇನ್ನೊಂದ್ಸಲ ಎತ್ತಿಕೊಡಿ ಮಾವ."

ಲೋಂಜೊ ಅನುಮಾನಿಸಿ ಆಲ್ಮಾಳ ಕಡೆ ನೋಡಿದ. ಆಕೆ ಎದ್ದುಹೋಗಿ ರಸ್ತೆ ಕಡೆಯ ಕಿಟಕಿಗಳನ್ನೆಲ್ಲ ತೆರೆದು ಬಂದಳು.

"ಹಾಡು ಲೋಂಜೊ," ಎಂದಳು. "ಗಟ್ಟಿಯಾಗಿ."