ಎರಡು ಬೆಲ್ಲು, ಆಮೇಲೊಂದು

ಬಿಂದುವಿಗೆ ಒಂಬತ್ತು ತುಂಬಿದ ದಿನ ಅವಳ ಸೋದರಮಾವ ತಂದುಕೊಟ್ಟ ಆಟದ ರೈಲು ಓಡುವುದೇನೋ ಚೆನ್ನಾಗಿಯೇ ಓಡುತ್ತಿತ್ತು. ಆದರೆ ಅದರ ಸದ್ದು! ಬಟನ್ ಒತ್ತಿದರೆ ಪೀಂ ಪೀಂ ಎಂದು ಯಾವುದೋ ದರಿದ್ರ ಸಂಗೀತ.

"ಅಜ್ಜ, ಇದು ರೈಲಾ, ಐಸ್‌ಕ್ರೀಮ್ ಗಾಡಿನಾ?"

ಸಾಗರ ಪೇಟೆಯಾಚೆ ಮೂವತ್ತೊಂದು ವರ್ಷ ರೈಲ್ವೆ ಗೇಟು ಕಾದು ನಿವೃತ್ತನಾದ ಶೇಷಪ್ಪನಿಗೆ ಇದು ಮರ್ಯಾದೆಯ ಪ್ರಶ್ನೆಯಾಯಿತು. ಅಂಥವನ ಮೊಮ್ಮಗಳು ಪೀಂ ಪೀಂ ಕೇಳಿಕೊಂಡು ಕೂರುವುದೇ? ಮಗನ ಮೊಬೈಲು ಹಿಡಿದು ಹೊರಟೇಬಿಟ್ಟ. ಹಳೆಯ ಜಾಗದಲ್ಲಿ ಈಗ ಗೇಟೂ ಇಲ್ಲ, ಅವನು ಕೂರುತ್ತಿದ್ದ ಪುಟ್ಟ ಕೋಣೆಯೂ ಇಲ್ಲ. ರಸ್ತೆ ಹಳಿಯ ಕೆಳಗಿಂದ ಹೋಗುತ್ತದೆ. ಮೇಲೆ ಒಬ್ಬನೇ ನಿಂತು ತಾಳಗುಪ್ಪದ ರೈಲಿನ ಸದ್ದು ರೆಕಾರ್ಡ್ ಮಾಡಿಕೊಂಡು ಬಂದ.

ಬೆಂಕಿಪೊಟ್ಟಣದಷ್ಟಿದ್ದ ಸ್ಪೀಕರನ್ನು ಕೊನೆಯ ಡಬ್ಬಿಯಲ್ಲಿಟ್ಟು ರೈಲು ಬಿಟ್ಟರು. ಹಳಿಯ ಗುಂಯ್, ಉದ್ದನೆಯ ಹಾರನ್, ಗಾಲಿಗಳ ದಡಬಡ. ಬಿಂದು ಚಪ್ಪಾಳೆ ತಟ್ಟಿದಳು. ರೈಲಿನ ಸದ್ದು ದೂರವಾದ ಮೇಲೆ ಸೈಕಲ್ ಬೆಲ್ಲು ಕೇಳಿತು. ಟ್ರಿಣ್ ಟ್ರಿಣ್. ಸ್ವಲ್ಪ ಬಿಟ್ಟು ಇನ್ನೊಂದು ಟ್ರಿಣ್.

ಶೇಷಪ್ಪ ಓಡುತ್ತಿದ್ದ ರೈಲನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದ. ಹಾಗೆ ಎರಡು ಹೊಡೆದು, ಬಿಟ್ಟು, ಒಂದು ಹೊಡೆಯುತ್ತಿದ್ದವನು ಗೋಪಾಲಪ್ಪ ಒಬ್ಬನೇ. ಗೇಟು ದಾಟುವಾಗ ಶೇಷಪ್ಪನಿಗೆ ಅದೇ ಅವನ ನಮಸ್ಕಾರ. ಹನ್ನೆರಡು ವರ್ಷದ ಹಿಂದೆ ಅದೇ ಗೇಟಿನಲ್ಲಿ ರೈಲಿಗೆ ಸಿಕ್ಕಿ ಸತ್ತಿದ್ದ.

"ಯಾರೋ ಸೈಕಲ್‌ನವ್ರು ಹೋಗಿರ್ಬೇಕು ಬಿಡು," ಎಂದ ಮೊಮ್ಮಗಳಿಗೆ. ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲವೆಂಬುದು ಅವನಿಗೆ ಗೊತ್ತಿತ್ತು.

ಮರುದಿನ ಸುತ್ತಮುತ್ತ ಚೆನ್ನಾಗಿ ನೋಡಿಕೊಂಡೇ ರೆಕಾರ್ಡ್ ಮಾಡಿದ. ಈ ಸಲ ಬೆಲ್ಲು ಗಾಲಿಗಳ ಸದ್ದಿನ ನಡುವೆ ಬಂತು. ಮೂರನೆಯ ದಿನ ಹಾರನ್ನಿಗೂ ಮೊದಲೇ, ಪಕ್ಕದಲ್ಲಿ ನಿಂತು ಹೊಡೆದ ಹಾಗೆ.

ಬಿಂದು ಅಷ್ಟರಲ್ಲಿ ರಟ್ಟಿನ ಗೇಟು ಮಾಡಿ ಹಳಿಯ ಪಕ್ಕ ನಿಲ್ಲಿಸಿದ್ದಳು. "ಅಜ್ಜ, ರೈಲ್ ಬರೋದು ನಿಂಗೆ ಹೆಂಗ್ ಗೊತ್ತಾಗ್ತಿತ್ತು?"

"ಸ್ಟೇಷನ್ನಿಂದ ಫೋನ್ ಬರ್ತಿತ್ತು. ಗೇಟ್ ಹಾಕಿ, ಬೀಗ ಹಾಕಿ, ಆಮೇಲೆ ಚೀಟೀಲಿರೋ ಒಂದು ನಂಬರ್ ಹೇಳ್ಬೇಕು. ಅದು ಕೇಳಿದ್‌ಮೇಲೇ ಅವ್ರು ರೈಲ್ ಬಿಡೋದು."

"ಗೇಟ್ ಹಾಕ್ದೇನೇ ನಂಬರ್ ಹೇಳಿದ್ರೆ?"

"ಸುಮ್ನಿರೇ! ತಲೆ ತಿನ್ಬೇಡ!" ಎಂದೂ ಗದರದ ಅಜ್ಜ ಗದರಿದ. ಹುಡುಗಿಯ ಕಣ್ಣು ತುಂಬಿತು.

ಮಗುವಿಗೆ ಏನಂತ ಹೇಳುವುದು? ಅವತ್ತು ಊಟದ ತಟ್ಟೆ ಮುಂದಿತ್ತು. ಇನ್ನು ನಾಲ್ಕು ತುತ್ತು ತಾನೆ ಎಂದುಕೊಂಡು, ಗೇಟು ಹಾಕದೆಯೇ ನಂಬರು ಕೊಟ್ಟಿದ್ದ. ಗೋಪಾಲಪ್ಪನ ಬೆಲ್ಲು ಎರಡು ಸಲ ಕೇಳಿತು. ಮೂರನೆಯದರ ಮೇಲೇ ಹಾರನ್ ಬಂತು. ಜನ ಸೇರುವ ಮೊದಲು ಓಡಿಹೋಗಿ ಗೇಟು ಇಳಿಸಿದ. ಹಾಕಿದ ಗೇಟಿನಡಿ ನುಸುಳಿ ಗೋಪಾಲಪ್ಪ ಬೇಕಂತಲೇ ಹಳಿಗೆ ಹೋದ, ಹೆಂಡತಿಯ ಕಾಟ ತಡೆಯಲಾರದೆ ಹೋದ ಎಂದು ಊರು ಆಡಿಕೊಂಡಿತು. ಆ ಹೆಂಡತಿ ಯಮುನಮ್ಮ ಪಕ್ಕದ ಬೀದಿಯಲ್ಲೇ ಹೊಲಿಗೆ ಹಾಕಿಕೊಂಡು, ತಲೆ ತಗ್ಗಿಸಿಕೊಂಡು ಬದುಕಿದ್ದಳು. ಶೇಷಪ್ಪ ಬಾಯಿ ಬಿಡಲಿಲ್ಲ. ಥೂ, ಅದೂ ಒಂದು ಬಾಳೇ!

ಮುನಿಸಿಕೊಂಡ ಬಿಂದು ಅಜ್ಜನ ಕಡೆ ನೋಡದೆ ಮೊಬೈಲಿನ ಬಟನ್ ಒತ್ತಿದಳು. ಟ್ರಿಣ್ ಟ್ರಿಣ್. ಟ್ರಿಣ್.

ಬಾಗಿಲಲ್ಲಿ ಏನೋ ಬಿತ್ತು. ಬಿಂದುವಿನ ಹೊಸ ಲಂಗ ಹೊಲಿದು ತಂದಿದ್ದ ಯಮುನಮ್ಮ ಗೋಡೆ ಹಿಡಿದು ನಿಂತಿದ್ದಳು.

"ಇದು ನಮ್ಮನೆಯವ್ರ ಬೆಲ್ಲು," ಎಂದಳು. ಆಮೇಲೆ ಶೇಷಪ್ಪನ ಬಿಳಿಚಿಕೊಂಡ ಮುಖ ನೋಡಿದಳು, ರಟ್ಟಿನ ಗೇಟು ನೋಡಿದಳು. "ಶೇಷಪ್ಪಣ್ಣ, ಅವತ್ತು ಗೇಟ್ ಹಾಕಿತ್ತಾ?"

ಶೇಷಪ್ಪ ಸುಳ್ಳು ಹೇಳಲು ಬಾಯಿ ತೆರೆದ, ಬಂದದ್ದು ಬೇರೆಯೇ.

"ಇಲ್ಲ ಯಮುನಮ್ಮ. ಹಾಕಿರ್ಲಿಲ್ಲ. ತಪ್ಪು ನಂದೇ. ಅವ್ನು ನಂಗೆ ಬೆಲ್ಲು ಹೊಡೀತಾ ಬಂದ."

ಅವಳು ಬೈಯಲಿಲ್ಲ. ನೆಲದ ಮೇಲೆ ಕೂತು, "ಇನ್ನೊಂದ್ಸಲ ಹಾಕು ಮಗಾ," ಎಂದಳು.

ಬಿಂದು ಹಾಕಿದಳು. ಗುಂಯ್, ಹಾರನ್, ದಡಬಡ. ಬೆಲ್ಲು ಬರಲಿಲ್ಲ. ನಿನ್ನೆಯದನ್ನು ಹಾಕಿದಳು, ಮೊನ್ನೆಯದನ್ನೂ ಹಾಕಿದಳು. ಮೂರರಲ್ಲೂ ಬರೀ ರೈಲು.

ಯಮುನಮ್ಮ ಸ್ಪೀಕರಿದ್ದ ಆ ಪುಟ್ಟ ಡಬ್ಬಿಯನ್ನೇ ಎತ್ತಿ ಕಿವಿಗೊತ್ತಿಕೊಂಡು ಬಹಳ ಹೊತ್ತು ಕೂತಳು.

"ಹೇಳೋಕೆ ಹನ್ನೆರಡ್ ವರ್ಷ ತಗೊಂಡ್ರಿ," ಎಂದಳು ಕೊನೆಗೆ. "ಇನ್ನೊಂದ್ ಗಳಿಗೆ ತಡೆದಿದ್ರೆ, ಅವ್ರ ಬೆಲ್ಲು ನಾನು ಇನ್ನೊಂದ್ಸಲ ಕೇಳ್ತಿದ್ನಲ್ಲ."