ಭಾನುವಾರದ ತಲೆನೋವು

ಪುಟ್ಟಿ ಓದಲೆಂದು ಪರದೇಶಕ್ಕೆ ಬಂದು ನಾಲ್ಕು ತಿಂಗಳಾಗಿತ್ತು. ವಯಸ್ಸು ಇಪ್ಪತ್ಮೂರಾದರೂ ಮನೆಯವರಿಗೆ ಅವಳು ಇನ್ನೂ ಪುಟ್ಟಿಯೇ. ಮೊದಮೊದಲು ಎಲ್ಲ ಚೆನ್ನಾಗಿತ್ತು. ಚಳಿ ಶುರುವಾದ ಮೇಲೆ ಮಾತ್ರ ಬೆಳಿಗ್ಗೆ ಏಳುವಾಗಲೇ ತಲೆ ಸಿಡಿಯುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು. ಪುಸ್ತಕ ತೆರೆದರೆ ಒಂದಕ್ಷರವೂ ತಲೆಗೆ ಹತ್ತುತ್ತಿರಲಿಲ್ಲ. ಎರಡು ಪರೀಕ್ಷೆಗಳಲ್ಲಿ ಫೇಲಾದಳು.

ಅವಳ ಜೊತೆ ಕೋಣೆಯಲ್ಲಿದ್ದವಳನ್ನು ಅಕ್ಕ ಎಂದು ಕರೆಯುತ್ತಿದ್ದಳು. ಒಡಹುಟ್ಟಿದವಳಲ್ಲ, ಅದೇ ಕಾಲೇಜಿನಲ್ಲಿ ಎರಡು ವರ್ಷ ಮುಂದೆ ಓದುತ್ತಿದ್ದವಳು, ಪುಟ್ಟಿಯ ಭಾಷೆಯನ್ನೇ ಆಡುವವಳು.

"ಮನೆ ನೆನಪು ಕಣೇ," ಎಂದಳು ಅಕ್ಕ. "ಮೊದಲನೇ ವರ್ಷ ಎಲ್ಲರಿಗೂ ಹೀಗೇ ಆಗೋದು."

"ನಿನಗೂ ತಲೆನೋವು ಇದೆಯಲ್ಲ, ಅಕ್ಕ?"

"ನಂದು ಓದಿನ ತಲೆನೋವು. ಅದು ಬೇರೆ."

ಒಂದು ಹಳೇ ಕಟ್ಟಡದ ಹಿಂಭಾಗದಲ್ಲಿ ಅವರ ಕೋಣೆ. ಎರಡು ಮಂಚ, ಒಂದು ಮೇಜು, ಗೋಡೆಯಲ್ಲಿ ಗ್ಯಾಸಿನಿಂದ ಉರಿಯುವ ಹೀಟರ್. ಹೀಟರಿನ ಮೇಲ್ಗಡೆ ಅಂಗೈಯಗಲದ ಗಾಳಿಕಿಂಡಿ. ಅದರಿಂದ ನುಗ್ಗುವ ತಣ್ಣನೆ ಗಾಳಿ ನೇರ ಅಕ್ಕನ ಮಂಚಕ್ಕೇ ಬಡಿಯುತ್ತಿತ್ತು. ಚಳಿ ಶುರುವಾದ ವಾರವೇ ಅವಳು ಹಳೇ ಸ್ವೆಟರಿನ ತೋಳು ಕತ್ತರಿಸಿ ಕಿಂಡಿಗೆ ತುರುಕಿ, ಮೇಲೆ ಟೇಪು ಅಂಟಿಸಿದಳು. ಕೋಣೆ ಬೆಚ್ಚಗಾಯಿತು. ಇಬ್ಬರಿಗೂ ಖುಷಿಯಾಯಿತು.

ತಲೆನೋವಿನ ವಿಷಯವನ್ನು ಪುಟ್ಟಿ ಮನೆಯಲ್ಲಿ ಹೇಳಿರಲಿಲ್ಲ. ಆದರೆ ಮಗಳ ದನಿ ಬಾಡಿದ್ದು ಅಮ್ಮನಿಗೆ ತಿಳಿಯದೇ ಇರುತ್ತದೆಯೇ? ಶುಕ್ರವಾರ ಫೋನಿನಲ್ಲಿ ಅಮ್ಮ ಬಿಡದೆ ಕೇಳಿದಾಗ ಪುಟ್ಟಿ ಅತ್ತುಬಿಟ್ಟಳು.

"ನಂಗೆ ಓದೋಕಾಗ್ತಿಲ್ಲಮ್ಮ. ವಾಪಸ್ ಬಂದ್ಬಿಡ್ತೀನಿ."

"ಬರೋದಾದ್ರೆ ಬಾ. ಮನೆ ಬಾಗಿಲು ಎಲ್ಲಿಗೂ ಹೋಗಲ್ಲ," ಎಂದರು ಅಮ್ಮ. ಮಗಳ ಅಳು ನಿಲ್ಲುವವರೆಗೂ ಕಾದರು. ಅಮ್ಮ ಮೂವತ್ತು ವರ್ಷದಿಂದ ಶಾಲೆಯ ಸಮವಸ್ತ್ರ ಹೊಲಿಯುವವರು. "ಮಿಷಿನ್ನು ನಡುನಡುವೆ ಹೊಲಿಗೆ ಬಿಡ್ತಾ ಹೋದ್ರೆ ನಾನು ಸುಮ್ಮನೆ ದಾರ ಬಯ್ಕೊಂಡು ಕೂರಲ್ಲ. ಯಾವಾಗ ಬಿಡುತ್ತೆ, ಯಾವ ಬಟ್ಟೆಗೆ ಬಿಡುತ್ತೆ ಅಂತ ನೋಡ್ತೀನಿ. ನಿನ್ನ ತಲೆನೋವು ಯಾವಾಗ ಬರುತ್ತೆ, ಯಾವಾಗ ಹೋಗುತ್ತೆ?"

ಪುಟ್ಟಿ ಯೋಚಿಸಿದಳು. "ಕಾಲೇಜಿಗೆ ಹೋದ ದಿನ ಮಧ್ಯಾಹ್ನದ ಹೊತ್ತಿಗೆ ಕಡಿಮೆ ಆಗುತ್ತೆ. ಭಾನುವಾರ ಮಾತ್ರ ದಿನವಿಡೀ ಇರುತ್ತೆ."

"ನಿನ್ನ ಜೊತೆಯವಳಿಗೆ?"

"ಅವಳಿಗೂ ಹಾಗೇ."

"ಮನೆ ನೆನಪು ಇಬ್ಬರಿಗೂ ಲೆಕ್ಕ ಹಾಕ್ಕೊಂಡು ಒಂದೇ ಹೊತ್ತಿಗೆ ಬರುತ್ತಾ, ಪುಟ್ಟಿ? ಆ ಕೋಣೆಯಲ್ಲೇ ಏನೋ ಇದೆ. ಈ ಭಾನುವಾರ ಇಬ್ಬರೂ ಹೊರಗೆ ಕೂತು ಓದಿ ನೋಡಿ."

ಭಾನುವಾರ ಪುಟ್ಟಿ ಬೆಳಿಗ್ಗೆಯೇ ಗ್ರಂಥಾಲಯಕ್ಕೆ ಹೊರಟಳು. ಅಕ್ಕ ಬರಲು ಒಪ್ಪಲಿಲ್ಲ. "ನಿಮ್ಮಮ್ಮ ಅಲ್ಲಿ ಕೂತ್ಕೊಂಡು ಇಲ್ಲಿನ ಕೋಣೆ ಪರೀಕ್ಷೆ ಮಾಡ್ತಾರಾ?" ಎಂದು ನಕ್ಕು ಹೀಟರ್ ಜೋರು ಮಾಡಿದಳು.

ಗ್ರಂಥಾಲಯದಲ್ಲಿ ಎರಡು ಗಂಟೆ ಕೂರುವಷ್ಟರಲ್ಲಿ ಪುಟ್ಟಿಯ ತಲೆ ಹಗುರಾಯಿತು. ಹತ್ತು ಪುಟ ಓದಿದಳು, ಓದಿದ್ದೆಲ್ಲ ನೆನಪಿನಲ್ಲಿ ನಿಂತಿತು. ಅಮ್ಮ ಹೇಳಿದ್ದು ನಿಜ ಅನ್ನಿಸಿದ್ದೇ ತಡ, ಅಕ್ಕನಿಗೆ ಫೋನು ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಮೂರನೇ ಸಲವೂ ಎತ್ತದಿದ್ದಾಗ ಚೀಲ ಹೆಗಲಿಗೇರಿಸಿ ಕೋಣೆಗೆ ಓಡಿದಳು.

ಅಕ್ಕ ಮೇಜಿನ ಕಾಲಿನ ಬಳಿ ನೆಲದ ಮೇಲೆ ಬಿದ್ದಿದ್ದಳು. ಕಣ್ಣು ಅರೆತೆರೆದಿತ್ತು. ಕರೆದರೆ ತುಟಿ ಅಲ್ಲಾಡಿತು, ಮಾತು ಹೊರಡಲಿಲ್ಲ. ಪುಟ್ಟಿ ಬಾಗಿಲನ್ನು ಹಾರುಹೊಡೆದು, ಅವಳ ಎರಡೂ ಕಂಕುಳಿಗೆ ಕೈಹಾಕಿ ಎಳೆದಳು. ತನಗಿಂತ ದಪ್ಪನೆಯವಳನ್ನು ಅಂಗಳದವರೆಗೂ ಹೇಗೆ ಎಳೆದು ತಂದಳೋ ಅವಳಿಗೇ ಗೊತ್ತಿಲ್ಲ. ಅಲ್ಲಿಂದಲೇ ತುರ್ತು ನಂಬರಿಗೆ ಫೋನು ಮಾಡಿದಳು.

"ಒಳಗೆ ಮತ್ತೆ ಹೋಗಬೇಡಿ," ಎಂದಿತು ಆ ಕಡೆಯ ದನಿ. "ಹೊರಗೇ ಇರಿ. ಬರ್ತಿದ್ದೇವೆ."

ಆಸ್ಪತ್ರೆಯಲ್ಲಿ ಅಕ್ಕನಿಗೆ ಆಮ್ಲಜನಕ ಕೊಟ್ಟರು. ಹೀಟರಿನ ವಿಷಗಾಳಿ ಒಳಗೆ ಹೋಗಿದೆ, ಕೋಣೆಗೆ ಗಾಳಿಕಿಂಡಿ ಇಲ್ಲವೇ ಎಂದು ವೈದ್ಯರು ಕೇಳಿದರು. ಸಂಜೆ ಹೊತ್ತಿಗೆ ಅವಳು ಪುಟ್ಟಿಯ ಕೈ ಹಿಡಿದುಕೊಂಡಳು. "ಚಳಿ ಆಗ್ತಿತ್ತು ಕಣೇ, ಅದಕ್ಕೇ ಕಿಂಡಿ ಮುಚ್ಚಿದೆ," ಎಂದಳು ಮೆಲ್ಲಗೆ. ಪುಟ್ಟಿ ಅವಳ ಕೂದಲು ಸರಿಮಾಡಿದಳು. "ಗೊತ್ತು, ಅಕ್ಕ. ನಾನೂ ಬೆಚ್ಚಗೆ ಮಲಗಿದ್ದೆನಲ್ಲ. ಈಗ ಸುಮ್ಮನೆ ಮಲಗು."

ಎರಡು ದಿನ ಬಿಟ್ಟು, ಕೋಣೆಗೆ ಗ್ಯಾಸ್ ರಿಪೇರಿ ಮಾಡುವ ಹೆಂಗಸು ಬಂದಳು. ಮೊಣಕಾಲೂರಿ ಕೂತು ಹೀಟರಿನ ಮುಚ್ಚಳ ಬಿಚ್ಚಿದಳು.

"ಗ್ಯಾಸ್ ಸೋರಿದ್ರೆ ನಮಗೆ ವಾಸನೆ ಬರಬೇಕಿತ್ತಲ್ಲ?" ಎಂದು ಕೇಳಿದಳು ಅಕ್ಕ. ವಾಸನೆಯೇ ಇಲ್ಲದೆ ವಿಷ ತುಂಬಿದ್ದು ಹೇಗೆಂದು ಅವಳಿಗೆ ಇನ್ನೂ ತಿಳಿದಿರಲಿಲ್ಲ.

"ಇದು ಸೋರಿದ್ದಲ್ಲ ಮಗೂ. ಬೆಂಕಿ ಉರಿಯೋಕೂ ಗಾಳಿ ಬೇಕು. ಸಾಕಷ್ಟು ಗಾಳಿ ಸಿಗದಿದ್ರೆ ಬೆಂಕಿ ವಿಷದ ಗಾಳಿ ಬಿಡುತ್ತೆ. ಕಾರ್ಬನ್ ಮಾನಾಕ್ಸೈಡ್ ಅಂತಾರೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಮೊದಲು ತಲೆನೋವು ಬರುತ್ತೆ, ಆಮೇಲೆ ವಾಂತಿ, ಸುಸ್ತು. ನಿದ್ದೆಯಲ್ಲಿದ್ರೆ ಏಳೋದೇ ಇಲ್ಲ. ಇಲ್ಲಿ ನೋಡು, ಎಷ್ಟು ಮಸಿ ಕಟ್ಟಿದೆ. ಜ್ವಾಲೆ ನೀಲಿ ಇತ್ತಾ, ಹಳದಿ ಇತ್ತಾ?"

"ಹಳದಿ. ನೋಡೋಕೆ ಚೆನ್ನಾಗಿತ್ತು."

"ಚೆನ್ನಾಗೇ ಕಾಣುತ್ತೆ," ಎಂದಳು ಆಕೆ. "ನೀಲಿಯಾಗಿ ಉರಿಯೋದು ಹಳದಿಗೆ ತಿರುಗಿದ್ರೆ ಆರಿಸಿ, ನಮ್ಮನ್ನ ಕರೀಬೇಕು."

ಅಕ್ಕ ಕುರ್ಚಿ ಹತ್ತಿ ತಾನೇ ಟೇಪು ಕಿತ್ತು, ಕಿಂಡಿಗೆ ತುರುಕಿದ್ದ ತೋಳನ್ನು ಹೊರಗೆಳೆದಳು. ರಿಪೇರಿಯವಳು ಹೀಟರನ್ನು ಸರಿಪಡಿಸಿ, ಈ ವಿಷಗಾಳಿ ಹೆಚ್ಚಾದರೆ ಕೂಗುವ ಅಲಾರಂ ಒಂದನ್ನು ಗೋಡೆಗೆ ಹಾಕಿ ಹೋದಳು.

ಅಂದು ಸಂಜೆ ಪುಟ್ಟಿ ಅಮ್ಮನಿಗೆ ಎಲ್ಲವನ್ನೂ ಹೇಳಿದಳು. ಹೇಳುತ್ತಾ ಹೇಳುತ್ತಾ ನಡುವೆ ನಿಂತಳು. "ಅಮ್ಮ, ನಮ್ಮ ಬಚ್ಚಲಲ್ಲೂ ಗ್ಯಾಸ್ ಗೀಸರ್ ಇದೆ. ಕಿಟಕಿಗೆ ನೀನು ರಟ್ಟು ಹೊಡೆದಿದೀಯ."

"ಸೊಳ್ಳೆ ಬರುತ್ತೆ ಅಂತ ಹೊಡೆದಿದ್ದು. ಮೂರು ವರ್ಷದಿಂದ ಏನೂ ಆಗಿಲ್ವಲ್ಲ," ಎಂದರು ಅಮ್ಮ.

ಆಗ ಅಮ್ಮನ ಪಕ್ಕದಲ್ಲಿದ್ದ ಅಪ್ಪ ಬಾಯಿಬಿಟ್ಟರು. "ಏನೂ ಆಗಿಲ್ಲ ಅಂತ ಹೇಗೆ ಹೇಳ್ತೀಯ? ಹೋದ ತಿಂಗಳು ಸ್ನಾನ ಮಾಡ್ತಾ ತಲೆ ತಿರುಗಿ ಗೋಡೆ ಹಿಡ್ಕೊಂಡೆ. ಬಿ.ಪಿ. ಅಂದ್ಕೊಂಡು ಸುಮ್ಮನಾದ್ವಿ."

ಫೋನಿನಲ್ಲಿ ಅಮ್ಮ ಕುರ್ಚಿ ಎಳೆದ ಸದ್ದು, ರಟ್ಟಿನ ಮೊಳೆ ಕಿತ್ತ ಸದ್ದು ಕೇಳಿತು. ಮರುದಿನ ಬೆಳಿಗ್ಗೆ ಅಪ್ಪ ಹಂಡೆಯಲ್ಲಿ ಹೊರಗೆ ಕಾಯಿಸಿದ ನೀರಿನಲ್ಲೇ ಸ್ನಾನ ಮಾಡಿದರು. ಅದೇ ವಾರ ಗೀಸರ್ ಬಚ್ಚಲಿನಿಂದ ಹೊರಗಿನ ಗೋಡೆಗೆ ಹೋಯಿತು.

ಅಕ್ಕಂದಿರೇ, ಅಣ್ಣಂದಿರೇ, ಇಂದು ಸ್ನಾನಕ್ಕೆ ಹೋಗುವ ಮೊದಲು ನಿಮ್ಮ ಬಚ್ಚಲಿನ ಗೋಡೆಯನ್ನೊಮ್ಮೆ ತಲೆಯೆತ್ತಿ ನೋಡಿ. ಗ್ಯಾಸ್ ಗೀಸರ್ ಒಳಗಿದ್ದರೆ ತಿಳಿದವರನ್ನು ಕರೆಸಿ ಹೊರಗೆ ಹಾಕಿಸಿ. ಚಳಿಗೆಂದು, ಸೊಳ್ಳೆಗೆಂದು ಗಾಳಿಕಿಂಡಿ ಮುಚ್ಚಬೇಡಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಲೇಬೇಡಿ. ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ತಲೆನೋವು ಬಂದು, ಹೊರಗೆ ಹೋದರೆ ಕಡಿಮೆಯಾಗುತ್ತಿದ್ದರೆ, ಒಲೆ ಹೀಟರ್ ಆರಿಸಿ ಎಲ್ಲರೂ ಹೊರಗೆ ಬನ್ನಿ, ವೈದ್ಯರಿಗೆ ತೋರಿಸಿ. ದೂರದಲ್ಲಿ ಓದುವ ಮಕ್ಕಳಿಗೆ ಫೋನು ಮಾಡಿದಾಗ ಊಟ ಆಯ್ತಾ ಎಂದು ಕೇಳುತ್ತೀರಲ್ಲ, ಜೊತೆಗೆ ಕೋಣೆಗೆ ಗಾಳಿ ಬರುತ್ತಾ ಎಂದೂ ಒಂದು ಮಾತು ಕೇಳಿ.